ವಿಂಡೋಸ್ 10 ಮುಗಿಯಿತು, ಮಂಡಿ ಲೆಕ್ಕ?

ತುರುವೇಕೆರೆಯಲ್ಲಿ ಒಂದು ಮದುವೆ. ಊಟಕ್ಕೆ ಪಕ್ಕದಲ್ಲಿ ಕೂತವರು ನನ್ನ ಸೋದರಮಾವ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಎಲೆಗೆ ಅನ್ನ ಬೀಳೋ ಮೊದಲೇ ಪ್ರಶ್ನೆ ಬಿತ್ತು. "ನೀನು ಇಂಜಿನಿಯರಿಂಗ್ ಓದಿದೋನಲ್ವೇನಪ್ಪಾ, ಮಂಡಿ ಕಂಪ್ಯೂಟರ್‌ನಲ್ಲಿ ವಿಂಡೋಸ್ 10 ಮುಗೀತು ಅಂತ ಬರ್ತೈತೆ. ಹೊಸದು ತಗಳ್ಳಾ, ಇದನ್ನೇ ಇಟ್ಕಳ್ಳಾ?"

"ಮಾವ, ರೈತರ ಲೆಕ್ಕ ಎಲ್ಲಿದೆ?" ಅಂದೆ.

"ಇನ್ನೆಲ್ಲಿರುತ್ತೆ? ಅದರಲ್ಲೇ."

ಎಂಟು ವರ್ಷದ ಲೆಕ್ಕ. ಯಾರಿಗೆ ಎಷ್ಟು ಮುಂಗಡ, ಯಾರದ್ದು ಎಷ್ಟು ಚೀಲ, ಯಾರಿಗೆ ಬಾಕಿ, ಎಲ್ಲಾ ಒಂದೇ ಡಬ್ಬಿಯಲ್ಲಿ. ನೋಡಿ, ಪಹಣಿ ಕಳೆದುಹೋದರೆ ಸರ್ಕಾರದ ಭೂಮಿ ದಾಖಲೆಯಿಂದ ಇನ್ನೊಂದು ತೆಗೆಸಬಹುದು. ಮಂಡಿ ಲೆಕ್ಕಕ್ಕೆ ಆ ಅನುಕೂಲ ಇಲ್ಲ.

ಮೊದಲು ಅವರ ಪ್ರಶ್ನೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ನಿಲ್ಲೋದಿಲ್ಲ. ಕಳ್ಳರು ನುಗ್ಗುವ ಸಂದಿಗಳನ್ನು ಕಂಪನಿಯವರು ತಿಂಗಳು ತಿಂಗಳು ಮುಚ್ಚುತ್ತಿದ್ದರಲ್ಲ, ಆ ಕೆಲಸ ನಿಂತಿದೆ. 2017ರ ಮೇನಲ್ಲಿ ವಾನ್ನಾಕ್ರೈ ಅನ್ನೋ ವೈರಸ್ ಸುಮಾರು 150 ದೇಶಗಳಲ್ಲಿ ಫೈಲುಗಳಿಗೆ ಬೀಗ ಹಾಕಿ, ಬಿಡಿಸೋಕೆ 300 ಡಾಲರ್ ಕೇಳಿತು. ಅದರ ಸಂದಿ ಮುಚ್ಚೋ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು! ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಹಳೇ ಯಂತ್ರಗಳು ಬಹುತೇಕ ಪಾಸಾಗೋದಿಲ್ಲ. ಮನೆ ಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತೆ. ಇನ್ನೊಂದು ದಾರಿ ಲಿನಕ್ಸ್. ಉಬುಂಟು, ಮಿಂಟ್ ಎರಡೂ ಉಚಿತ. ಮಕ್ಕಳ ಓದಿಗೆ, ಇಂಟರ್‌ನೆಟ್ಟಿಗೆ ಧಾರಾಳವಾಗಿ ಸಾಕು.

ಆದರೆ ಮಂಡಿಗೆ ನಾನು ಕಣ್ಣು ಮುಚ್ಚಿ ಲಿನಕ್ಸ್ ಹಾಕಿಸಿ ಅನ್ನೋಲ್ಲ. ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾಡಿದ್ದಾದರೆ ಅಲ್ಲಿ ಓಡದೇ ಇರಬಹುದು. ನಮ್ಮ ಕನ್ನಡದ್ದೇ ಒಂದು ತೊಡಕೂ ಇದೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರದಲ್ಲಿ ಕನ್ನಡ ಕಾಣೋದು ಆ ಫಾಂಟ್ ಇದ್ದಾಗ ಮಾತ್ರ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೈಲ್ ಭದ್ರವಾಗಿದೆ, ಓದೋಕಾಗೋಲ್ಲ! ಯಂತ್ರ ಬದಲಿಸೋ ಮುಂಚೆ ಅಂಥವನ್ನ ಯೂನಿಕೋಡ್‌ಗೆ ಬದಲಿಸಿ, ಒಂದು ಪಿಡಿಎಫ್ ಕೂಡ ಇಟ್ಟುಕೊಳ್ಳಿ.

ಇದೆಲ್ಲಾ ಆಮೇಲಿನ ಮಾತು. ಯಾವ ವಿಂಡೋಸ್, ಯಾವ ಲಿನಕ್ಸ್ ಆದರೂ ಹಾರ್ಡ್‌ಡಿಸ್ಕ್ ಕೆಟ್ಟರೆ, ಮುಂಗಾರಿಗೆ ಮುಂಚಿನ ಸಿಡಿಲು ಹೊಡೆದರೆ, ಲೆಕ್ಕ ಉಳಿಯೋದು ಬೇರೆ ಕಡೆ ಕಾಪಿ ಇದ್ದರೆ ಮಾತ್ರ. ಎರಡು ಕಾಪಿ ಮಾಡಿ. ಒಂದು ಮಂಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಕಾಪಿ ಆದ ತಕ್ಷಣ ಡಿಸ್ಕ್ ಕಿತ್ತಿಡಿ. ಚುಚ್ಚಿಯೇ ಬಿಟ್ಟರೆ ಬೀಗ ಹಾಕೋ ವೈರಸ್ ಅದಕ್ಕೂ ಬೀಗ ಹಾಕುತ್ತೆ. ಗೂಗಲ್ ಡ್ರೈವ್ ಇದೆಯಲ್ಲ ಅನ್ನೋರಿಗೊಂದು ಮಾತು: ತಾನಾಗೇ ಸಿಂಕ್ ಆಗೋ ಫೋಲ್ಡರ್‌ನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತೆ.

"ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿ ಆಗೋಕೆ ಹೆಚ್ಚುಕಡಿಮೆ ವರ್ಷ ಬೇಕು ಅಂತೀರಿ ಮಾವ. ನಡುವೆ ಹತ್ತಿ ನೋಡಲ್ವಾ?" ಅಂದೆ. ಕಾಪಿಯನ್ನೂ ಹಾಗೇ, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಬೇಕು.

ಮುಂದಿನ ವಾರ ಮಾವನ ಫೋನು. ಎರಡು ವರ್ಷದ ಹಿಂದೆ ಯಾರೋ ಕಾಪಿ ಮಾಡಿಕೊಟ್ಟ ಪೆನ್‌ಡ್ರೈವ್ ಸಿಕ್ಕಿತಂತೆ, ಮಗನ ಲ್ಯಾಪ್‌ಟಾಪ್‌ಗೆ ಹಾಕಿದರೆ ಬರೀ ಶಾರ್ಟ್‌ಕಟ್ ಐಕಾನ್. ಒಳಗೆ ಒಂದು ಲೆಕ್ಕವೂ ಇಲ್ಲ. ಪುಣ್ಯಕ್ಕೆ ಹಳೇ ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದೆ. ಅದರ ಮುಂದೆ ಕೂತುಕೊಂಡೇ ಫೋನ್ ಮಾಡಿದ್ದರು.