ನಾಯಿ ನುಂಗುವ ವಸ್ತುಗಳು

ನಮ್ಮ ಹಳ್ಳಿಯ ಮನೆಗಳಲ್ಲಿ ನಾಯಿಗೆಂದು ಬೇರೆ ಅಡುಗೆಯಿಲ್ಲ. ಉಳಿದ ಮುದ್ದೆ, ಅನ್ನ, ಬಾಡೂಟದ ಮೂಳೆ, ಇವುಗಳಲ್ಲಿಯೇ ಅದರ ಜೀವನ. ಹಗಲು ಹಿತ್ತಿಲನ್ನೂ ಇರುಳು ಕಣವನ್ನೂ ಕಾಯುವ ಈ ಪ್ರಾಣಿಯು ರೋಗದಿಂದಷ್ಟೇ ಅಲ್ಲ, ನಾವು ಬಿಸುಟ ಸಣ್ಣ ವಸ್ತುವೊಂದರಿಂದಲೂ ಸಾಯಬಹುದೆಂಬುದನ್ನು ಶ್ರೋತೃಗಳು ಗಮನಿಸಬೇಕು.

ನಾಯಿ ಆಹಾರವನ್ನು ದನದಂತೆ ಅರೆದು ತಿನ್ನುವುದಿಲ್ಲ, ಕತ್ತರಿಸಿ ನುಂಗುತ್ತದೆ. ಅದರ ಅನ್ನನಾಳ ಸಾಕಷ್ಟು ಹಿಗ್ಗಬಲ್ಲದು; ಜಠರದಿಂದ ಕರುಳಿಗೆ ಹೋಗುವ ದ್ವಾರವಾದರೋ ಕಿರಿದು. ಆದುದರಿಂದ ಸುಲಭವಾಗಿ ಒಳಹೊಕ್ಕ ವಸ್ತು ಜಠರದಲ್ಲಿಯೇ ನಿಲ್ಲಬಹುದು, ಇಲ್ಲವೆ ಸಣ್ಣ ಕರುಳಿನಲ್ಲಿ ಬಿರಡೆಯಂತೆ ಸಿಕ್ಕಿಕೊಳ್ಳಬಹುದು. ಮರಿನಾಯಿ ಬಾಯಿಂದಲೇ ಲೋಕವನ್ನು ಪರೀಕ್ಷಿಸುತ್ತದೆ. ಬೆಳೆದ ನಾಯಿಯನ್ನು ಸಾರಿನ ವಾಸನೆ ಹಿಡಿದ ಮಸಿಬಟ್ಟೆ ಸೆಳೆಯುತ್ತದೆ.

ಹಾಸನದ ಸೀಮೆಯಲ್ಲಿ ಈ ಅಪಾಯಕ್ಕೆ ಹಲವು ರೂಪಗಳು. ಅರಕಲಗೂಡಿನ ಕಡೆ ಕಾಳು ಬಿಡಿಸಿ ಎಸೆದ ಮುಸುಕಿನ ಜೋಳದ ದಿಂಡು. ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಕರಟದ ಚೂರು. ಹೊಳೆನರಸೀಪುರದ ಹೇಮಾವತಿಯ ದಡದಲ್ಲಿ ಮೀನಿನ ವಾಸನೆ ಹೊತ್ತ ಗಾಳ. ಪಟ್ಟಣದ ಮನೆಯಲ್ಲಿ ಕಾಲುಚೀಲ. ಇನ್ನು ಪ್ಲಾಸ್ಟಿಕ್ ಚೀಲಗಳನ್ನು ಕರ್ನಾಟಕ ಸರ್ಕಾರ 2016ರಲ್ಲಿಯೇ ನಿಷೇಧಿಸಿದರೂ, ಎಂಜಲು ಕಟ್ಟಿ ಎಸೆದ ಚೀಲಗಳು ಬೀದಿಯಿಂದ ಮರೆಯಾಗಿಲ್ಲ. ಬೇಯಿಸಿದ ಮೂಳೆಯೂ ನಿರಪಾಯವಲ್ಲ. ಅದು ಸಿಬಿರಾಗಿ ಸೀಳಿ ಕರುಳನ್ನು ಚುಚ್ಚಬಲ್ಲದು.

ಎರಡು ವಸ್ತುಗಳು ವಿಶೇಷವಾಗಿ ಘಾತಕ. ಮೊದಲನೆಯದು ದಾರ. ಅದರ ಒಂದು ತುದಿ ನಾಲಗೆಯ ಬುಡಕ್ಕೋ ಜಠರಕ್ಕೋ ಸಿಕ್ಕಿಕೊಂಡರೆ, ಉಳಿದ ಭಾಗದ ಮೇಲೆ ಕರುಳು ಎಲೆಯಡಿಕೆ ಚೀಲದ ಬಾಯಂತೆ ನೆರಿಗೆಗಟ್ಟಿ, ಕೊನೆಗೆ ಕೊಯ್ದುಹೋಗುತ್ತದೆ. ಎರಡನೆಯದು ಗುಂಡಿಯಾಕಾರದ ಬ್ಯಾಟರಿ. ಅನ್ನನಾಳದ ತೇವದಲ್ಲಿ ಅದರಿಂದ ವಿದ್ಯುತ್ತು ಹರಿದು ಕ್ಷಾರ ಉತ್ಪತ್ತಿಯಾಗುತ್ತದೆ. ಒಂದೆರಡು ಗಂಟೆಗಳೊಳಗೇ ಆಳವಾದ ಸುಟ್ಟಗಾಯ ಉಂಟಾಗಬಹುದು.

ಮತ್ತೆ ಮತ್ತೆ ವಾಂತಿ, ಕುಡಿದ ನೀರೂ ಹೊರಬರುವುದು, ಆಹಾರ ನಿರಾಕರಣೆ, ಜೊಲ್ಲು, ಬೆನ್ನು ಬಾಗಿಸಿ ನಿಲ್ಲುವುದು, ಮಲಬಂಧ, ಇವು ಮುಖ್ಯ ಲಕ್ಷಣಗಳು. ಜಠರದಲ್ಲಿ ನಿಂತ ವಸ್ತು ವಾರಗಟ್ಟಲೆ ಸುಮ್ಮನಿದ್ದು, ಆಗಾಗ ಮಾತ್ರ ಕಾಡುವುದುಂಟು. ಕರುಳು ಪೂರ್ತಿ ಕಟ್ಟಿಕೊಂಡರೆ ಮಾತ್ರ ಕಾಲಾವಕಾಶ ಕಡಿಮೆ. ಅಲ್ಲಿ ರಕ್ತಸಂಚಾರ ನಿಂತು ಕರುಳು ಕೊಳೆತು ತೂತಾಗುತ್ತದೆ.

ಇಂತಹ ಸಮಯದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಉಪ್ಪೇ ವಿಷವಾದೀತು, ಚೂಪಾದ ವಸ್ತು ಹಿಂದಿರುಗುವಾಗ ಮತ್ತೆ ಗಾಯ ಮಾಡೀತು. ಮುದ್ದೆ ನುಂಗಿಸಿ ಒಳಕ್ಕೆ ತಳ್ಳುವ ಯತ್ನವೂ ಸಲ್ಲದು. ಬಾಯಿಂದಾಗಲಿ ಗುದದಿಂದಾಗಲಿ ದಾರ ಇಣುಕಿದರೆ ಎಳೆಯಬಾರದು. ನುಂಗಿದ ವಸ್ತುವಿನ ಇನ್ನೊಂದು ಮಾದರಿಯಿದ್ದರೆ ಅದರೊಡನೆ, ನುಂಗಿದ ವೇಳೆಯನ್ನು ನೆನಪಿಟ್ಟು, ಕೂಡಲೇ ಸಮೀಪದ ಪಶು ಆಸ್ಪತ್ರೆಗೆ ಹೋಗಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಲೋಹ, ಮೂಳೆಗಳು ಕ್ಷಕಿರಣ ಚಿತ್ರದಲ್ಲಿ ತೋರುತ್ತವೆ. ಬಟ್ಟೆ, ಜೋಳದ ದಿಂಡುಗಳು ಸ್ಪಷ್ಟವಾಗಿ ಕಾಣದಿರಬಹುದು. ಆದ್ದರಿಂದಲೇ ಮನೆಯವರು ಹೇಳುವ ಮಾತಿಗೆ ವೈದ್ಯರಲ್ಲಿ ಅಷ್ಟು ಬೆಲೆ.

ಶಸ್ತ್ರಚಿಕಿತ್ಸೆಗಿಂತ ಮುಚ್ಚಳವಿರುವ ಕಸದ ಬುಟ್ಟಿ ಅಗ್ಗ. ಹೊಲಿಗೆಯ ಸೂಜಿದಾರವನ್ನು ಡಬ್ಬಿಗೆ ಸೇರಿಸುವುದಕ್ಕೆ, ಜೋಳದ ದಿಂಡನ್ನು ಒಲೆಗೆ ಹಾಕುವುದಕ್ಕೆ ಖರ್ಚೇ ಇಲ್ಲ. ತನಗೇನಾಗಿದೆಯೆಂದು ಹೇಳಲಾರದ ಜೀವಿಯ ಪರವಾಗಿ ಅಷ್ಟು ಎಚ್ಚರ ವಹಿಸುವುದು ಅದನ್ನು ಸಾಕಿದವರ ಹೊಣೆ.