ಊರ ರಸ್ತೆಯ ರೊಕ್ಕ

ಆಲಮೇಲ ಸುತ್ತಿನ ರೈತ ಬಾಂಧವರೇ, ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡಿಗೆ ನೋಡಿ, ನಾಲ್ಕು ಮಂದಿಯನ್ನು ಕೇಳಿಯೇ ರೊಕ್ಕ ಬಿಚ್ಚುತ್ತೀರಿ. ಊರ ರಸ್ತೆಗೆ ಸರಕಾರ ಹಾಕುವುದೂ ನಿಮ್ಮದೇ ರೊಕ್ಕ ಅಲ್ಲೇನ್ರಿ? ಅದನ್ನು ಬಿಚ್ಚುವ ರೀತಿಗೆಂದೇ ನಮ್ಮ ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವಿದೆ. ಹೆಸರು ಉದ್ದ, ಮಾತು ಸಣ್ಣದು: ಕೆಲಸಕ್ಕೆ ಟೆಂಡರ್ ಸಾರಬೇಕು, ಮೊದಲೇ ತಿಳಿಸಿದ ಕರಾರಿನಂತೆಯೇ ಗುತ್ತಿಗೆದಾರನನ್ನು ಆರಿಸಬೇಕು.

ಸಣ್ಣ ಮೊತ್ತದ ಕೆಲಸಕ್ಕೆ ಟೆಂಡರ್ ಬೇಕಿಲ್ಲ. ತೂತು ಇರೂದು ಇಲ್ಲೇ. ಒಂದೇ ರಸ್ತೆಯನ್ನು ನಾಲ್ಕು ತುಂಡು ಮಾಡಿ ಬರೆದರ ಕಾಯಿದೆ ಹೊರಗೇ ನಿಲ್ಲತದ. ಮೇಲ್ಮನವಿಯ ಹಕ್ಕೂ ಟೆಂಡರ್ ಹಾಕಿದವನಿಗೆ ಮಾತ್ರ. ಆ ರಸ್ತೆಯಲ್ಲಿ ಕಬ್ಬಿನ ಗಾಡಿ ಹೊಡೆಯುವ ನಿಮಗಿಲ್ಲ. ಇದನ್ನು ತಿದ್ದಲೇಬೇಕು.

ಸದ್ಯ ನಿಮ್ಮ ಕೈಯಲ್ಲಿರುವುದು 2005ರ ಮಾಹಿತಿ ಹಕ್ಕು. 10 ರೂಪಾಯಿ ಕಟ್ಟಿ ಅರ್ಜಿ ಕೊಡಿರಿ. ಬಡತನ ರೇಖೆಯ ಕೆಳಗಿನವರಿಗೆ ಅದೂ ಬೇಡ. ಅಂದಾಜು ಪತ್ರಿಕೆ, ಅಳತೆ ಪುಸ್ತಕ, ಬಿಲ್ಲು, ಮೂರರ ನಕಲನ್ನೂ ಕೇಳಿರಿ. ಕೆಲಸವನ್ನು ಪರಿಶೀಲಿಸುವ, ಹಾಕಿದ ಮಾಲಿನ ಪ್ರಮಾಣಿತ ನಮೂನೆ ಪಡೆಯುವ ಹಕ್ಕೂ ಅದರಲ್ಲಿದೆ. ಉತ್ತರಕ್ಕೆ 30 ದಿನ ಗಡುವು. ಅದಕ್ಕ ಕೆಲಸ ಸುರುವಾದ ಕೂಡಲೇ ಅರ್ಜಿ ಕೊಡಿರಿ. ಡಾಂಬರು ಬಿದ್ದಮ್ಯಾಲ ಕೆಳಗ ಖಡಿ ಎಷ್ಟು ಹಾಕ್ಯಾರ ಅನ್ನೂದು ಕಣ್ಣಿಗೆ ಕಾಣೂದಿಲ್ಲ.