ಮಾಗಡಿ ಕೆರೆಗೆ ಬಿರುದು ಬಂತು, ನೀರು?

ಗದಗದಲ್ಲಿ ಲಕ್ಷ್ಮೇಶ್ವರದ ಬಸ್ಸು ಹತ್ತಿದವರಿಗೆ ಮಾಗಡಿ ಹೊಸ ಊರಲ್ಲ. ಸುಮಾರು 26 ಕಿ.ಮೀ. ದಾರಿ. ಚಳಿಗಾಲ ಬಂತೆಂದರೆ ಬಸ್ಸಿನೊಳಗೆ ಒಂದೇ ಮಾತು: ‘ಹಕ್ಕಿ ಬಂದಾವೇನ್ರಿ?’

ಬರಗಾಲದ ವರ್ಷ ಮಾತ್ರ ಪ್ರಶ್ನೆ ಬೇರೆ: ‘ಕೆರ್ಯಾಗ ನೀರರ ಐತೇನ್ರಿ?’

ನೀರಿದ್ದರೆ ತಾನೇ ಹಕ್ಕಿ! ಶಿರಹಟ್ಟಿ ತಾಲೂಕಿನ ಈ ಕೆರೆ ಸುಮಾರು 50 ಹೆಕ್ಟೇರ್. ನೀರಾವರಿಗೆಂದು ಮಳೆನೀರು ಹಿಡಿಯಲು ಕಟ್ಟಿದ್ದು. ಇಲ್ಲಿನ ಮುಖ್ಯ ಅತಿಥಿ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಗುರುತು ಹಿಡಿಯಲು ದುರ್ಬೀನು ಬೇಕೆಂದೇನಿಲ್ಲ. ಮಂಗೋಲಿಯಾ, ಟಿಬೆಟ್, ಲಡಾಖಿನ ಕಡೆ ಮರಿ ಮಾಡುವ ಜಾತಿ. ಹಿಮಾಲಯ ದಾಟುವಾಗ 7 ಸಾವಿರ ಮೀಟರಿಗೂ ಎತ್ತರ ಏರಿದ್ದು ದಾಖಲಾಗಿದೆ. ಅಷ್ಟು ದೂರ ಹಾರಿ ಬಂದದ್ದಕ್ಕೆ ಕೆಳಗೆ ಕಾಣುವುದು ಬಿರುಕು ಬಿಟ್ಟ ನೆಲವಾದರೆ?

ಹೆಬ್ಬಾತಿಗೆ ಕೆರೆ ಎಂದರೆ ಹಗಲಿನ ವಸತಿ. ಸುತ್ತ ನೀರಿದ್ದರೆ ನಾಯಿ, ನರಿಯ ಕಾಟವಿಲ್ಲ. ಕತ್ತಲಾದ ಮೇಲೆ ಹೊಲಗಳಿಗೆ ಊಟಕ್ಕೆ ಹೋಗುತ್ತದೆ. ಶೇಂಗಾ, ಕಡಲೆ ಯಾವುದಾದರೂ ಆದೀತು. ಮಳೆ ಬೆಳೆ ಚೆನ್ನಾಗಿದ್ದಾಗ ‘ತಿಂದ್ರ ತಿನ್ನಲಿ ಬಿಡ್ರಿ, ಹಿಕ್ಕಿ ಗೊಬ್ಬರ ಆಕ್ಕೈತಿ’ ಎನ್ನಬಹುದು. ಬರದಲ್ಲಿ ಮೊಳಕಾಲುದ್ದದ ಬೆಳೆ ಉಳಿಸಿಕೊಳ್ಳಲು ಒದ್ದಾಡುವ ರೈತ ಆ ಮಾತು ಎಲ್ಲಿಂದ ಆಡಬೇಕು? ಆಗ ಹಕ್ಕಿಗೂ ಹಸಿವು, ಅವನಿಗೂ ಹಸಿವು.

ಬರದಲ್ಲೂ ನೋಡುವವರಿಗೆ ನೋಟವುಂಟು. ನೀರು ಇಳಿದಂತೆ ಮೀನು ತಗ್ಗಿಗೆ ಸೇರುತ್ತವೆ. ಬಣ್ಣದ ಕೊಕ್ಕರೆ, ಕೆಂಬರಲು, ಬೆಳ್ಳಕ್ಕಿಗಳಿಗೆ ಸಂತೆಯೋ ಸಂತೆ. ‘ಎಷ್ಟೊಂದು ಹಕ್ಕಿ!’ ಎಂದು ಖುಷಿಪಡಬೇಡಿ. ಅದು ಮುಚ್ಚುವ ಅಂಗಡಿಯ ಕೊನೇ ವ್ಯಾಪಾರ. ಆಮೇಲೆ ಉಳಿಯುವುದು ಒಣ ಅಂಗಳದಲ್ಲಿ ಕೂಗುವ ಟಿಟ್ಟಿಭ ಮಾತ್ರ.

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರ ಸಾರಿತು. ಆ ಬರದ ಬೆನ್ನಲ್ಲೇ, 2024ರ ಜನವರಿ ಕೊನೆಗೆ ಮಾಗಡಿ ಕೆರೆ ರಾಮ್ಸಾರ್ ಪಟ್ಟಿ ಸೇರಿದ ಸುದ್ದಿ ಬಂತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ಗೌರವವಿದು. 166 ಬಗೆಯ ಹಕ್ಕಿಗಳ ಲೆಕ್ಕ ಅದರಲ್ಲಿದೆ. ಸಂತೋಷ. ಆದರೆ ಬಿರುದು ಕುಡಿದು ಯಾವ ಹಕ್ಕಿಯೂ ಬದುಕುವುದಿಲ್ಲ.

ಮಳೆ ತರಿಸುವುದು ಯಾರ ಕೈಯಲ್ಲೂ ಇಲ್ಲ, ಖರೆ. ಬಿದ್ದ ಮಳೆ ಕೆರೆಗೆ ಹರಿದು ಬರುವ ಹಳ್ಳ, ಕಾಲುವೆ ಮುಚ್ಚದಂತೆ ನೋಡುವುದು ಕೈಯಲ್ಲೇ ಇದೆ. ಹೂಳು ತೆಗೆಯುವಾಗ ದಂಡೆಯ ತೆಳುನೀರಿನ ಜಾಗ ಬಿಡಬೇಕು; ಅಲ್ಲೇ ಕೊಕ್ಕರೆ ಕಾಲಿಡುವುದು. ಹಕ್ಕಿ ಮೇಯ್ದ ಹೊಲಕ್ಕೆ ಬೇಗ ಪರಿಹಾರ ಕೊಡಬೇಕು.

ಹಕ್ಕಿ ಬಂದರೆ ಜನ, ಜನ ಬಂದರೆ ಚಹಾದಂಗಡಿಗೆ ಗಿರಾಕಿ. ಹಕ್ಕಿಗೆ ರಾತ್ರಿ ಊಟ ಹಾಕುವ ರೈತನಿಗೆ ಮಾತ್ರ ಬಿಲ್ಲು ಕೊಡುವವರಿಲ್ಲ ಎಂದಾಗಬಾರದು.